ಮೂತಿ ಮೇಲೆತ್ತಿ ಬಂದ ಮೀನು ಯಾವುದು?

ಪ್ರಶ್ನೆ: ಡಿಸೆಂಬರ್ ಕೊನೆಯಲ್ಲಿ ನಾವು ಮನೆಮಂದಿ ಗೋಕರ್ಣಕ್ಕೆ ಹೋಗಿದ್ದೆವು. ಅಲ್ಲಿಂದ ತದಡಿಗೆ ಬಂದು ಅಘನಾಶಿನಿ ಊರಿಗೆ ದಾಟಲು ದೋಣಿ ಕಾಯುತ್ತಿದ್ದೆವು. ಬೆಳಿಗ್ಗೆ ಒಂಬತ್ತೂವರೆ ಇರಬಹುದು. ದಡದ ಕಲ್ಲುಕಟ್ಟೆಯ ಪಕ್ಕ ಸೊಂಟದವರೆಗಿನ ನೀರು. ಅದರಲ್ಲಿ ನೂರಾರು ಬೂದುಬಣ್ಣದ ಮೀನು, ಒಂದೊಂದೂ ಗೇಣುದ್ದ. ಎಲ್ಲವೂ ಮೂತಿ ಮೇಲೆತ್ತಿ, ಬಾಯಿ ತೆರೆದು ಮುಚ್ಚುತ್ತಾ ನಿಧಾನವಾಗಿ ಸಾಗುತ್ತಿದ್ದವು. ನೀರಿನ ಮೇಲೆ ತೆಳ್ಳಗೆ ನೊರೆಯ ಪಟ್ಟೆ ಇತ್ತು. ಮಗ ಬಗ್ಗಿ ನೋಡಿದ ಕೂಡಲೇ ಅವನ ನೆರಳು ನೀರಿಗೆ ಬಿತ್ತು. ಅಷ್ಟೂ ಮೀನು ಒಟ್ಟಿಗೆ ಮುಳುಗಿ, ಹತ್ತು ಮಾರು ಆಚೆ ಮತ್ತೆ ಎದ್ದವು. ಪಕ್ಕದಲ್ಲಿದ್ದ ಪ್ರವಾಸಿಗರೊಬ್ಬರು ತಾರ್ಲೆ ಎಂದರು, ಇನ್ನೊಬ್ಬರು ಮರಿ ಬಂಗಡೆ ಎಂದರು. ಮಗನಂತೂ ನೀರು ಕೆಟ್ಟು, ಉಸಿರು ಕಟ್ಟಿ ಮೇಲೆ ಬಂದಿವೆ ಅಂತ ಹೆದರಿದ. ಮೊಬೈಲಿನ ಫೋಟೊದಲ್ಲಿ ಬಿಸಿಲಿನ ಹೊಳಪು ಬಿಟ್ಟರೆ ಏನೂ ಇಲ್ಲ. ಅವು ಯಾವ ಮೀನು?
(ಓದುಗರೊಬ್ಬರು, ದಾವಣಗೆರೆ)

ಉತ್ತರ: ಅವು ಶೆವಟೆ. ಇಂಗ್ಲಿಷಿನಲ್ಲಿ ಮಲ್ಲೆಟ್ ಅನ್ನುತ್ತಾರೆ. ಫೋಟೊ ಇಲ್ಲ ಅಂತ ನೀವು ಬೇಸರ ಮಾಡಿಕೊಳ್ಳಬೇಡಿ. ಫೋಟೊದಲ್ಲಿ ಕಾಣದ್ದನ್ನೇ ನೀವು ಬರೆದಿದ್ದೀರಿ. ಮೂತಿ ಎಲ್ಲಿತ್ತು, ಬಾಯಿ ಏನು ಮಾಡುತ್ತಿತ್ತು, ನೀರಿನ ಮೇಲೆ ಏನಿತ್ತು, ನೆರಳು ಬಿದ್ದಾಗ ಏನಾಯಿತು. ಈ ನಾಲ್ಕು ಸಂಗತಿ ಗೊತ್ತಾದರೆ ತದಡಿಯಲ್ಲಿ ಹುಟ್ಟಿದ ಯಾರೇ ಆದರೂ ಶೆವಟೆ ಎಂದೇ ಹೇಳುತ್ತಾರೆ.

ನಾನು ಹುಟ್ಟಿದ್ದೂ ಅದೇ ಅಳಿವೆಯ ಬದಿಯಲ್ಲಿ. ನೀವು ನಿಂತಿದ್ದ ಜಾಗದಿಂದ ಕೂಗಿದರೆ ಕೇಳುವಷ್ಟು ಹತ್ತಿರ ನಮ್ಮ ಅಜ್ಜನ ಮನೆ. ಅಜ್ಜ ಬೀಸುಬಲೆ ಹೊಡೆಯುತ್ತಿದ್ದರು. ನಾನು ಬುಟ್ಟಿ ಹಿಡಿದು ಹಿಂದೆ ಹೋಗುತ್ತಿದ್ದೆ. ಮುಂದೆ ಪ್ರಾಣಿಶಾಸ್ತ್ರ ಓದಿ ಮೂವತ್ತು ವರ್ಷ ಪಾಠ ಮಾಡಿದೆ. ಆದರೆ ನೀರಿನಲ್ಲಿರುವ ಮೀನನ್ನು ಗುರುತಿಸುವುದನ್ನು ಕಲಿತದ್ದು ಆ ಬುಟ್ಟಿ ಹಿಡಿದಾಗಲೇ. ಕಾಲೇಜಿನ ಪುಸ್ತಕಗಳೆಲ್ಲ ಮೇಜಿನ ಮೇಲೆ ಅಡ್ಡ ಮಲಗಿಸಿದ ಮೀನಿನ ಬಗ್ಗೆ ಹೇಳುತ್ತವೆ. ಕಟ್ಟೆ ಮೇಲೆ ನಿಂತವರಿಗೆ ಕಾಣುವುದು ಬೆನ್ನು ಮಾತ್ರ, ಅಲ್ವಾ?

ಆ ಬೆನ್ನೇ ಮೋಸ ಮಾಡುವುದು. ನೀರಿನ ಮೇಲುಭಾಗದಲ್ಲಿ ಓಡಾಡುವ ಹೆಚ್ಚಿನ ಮೀನುಗಳಿಗೆ ಬೆನ್ನು ಕಪ್ಪು, ಹೊಟ್ಟೆ ಬೆಳ್ಳಗೆ. ಮೇಲಿಂದ ಹದ್ದು ನೋಡಿದರೆ ಬೆನ್ನು ತಳದ ಕತ್ತಲಿಗೆ ಸೇರಿಹೋಗುತ್ತದೆ. ಕೆಳಗಿಂದ ದೊಡ್ಡ ಮೀನು ನೋಡಿದರೆ ಹೊಟ್ಟೆ ಆಕಾಶದ ಬೆಳಕಿಗೆ ಸೇರಿಹೋಗುತ್ತದೆ. ತಾರ್ಲೆ, ಬಂಗಡೆ, ಶೆವಟೆ ಮೂರಕ್ಕೂ ಇದೇ ಉಡುಪು. ಹಾಗಾಗಿ ಮೇಲಿನಿಂದ ನೋಡುವವರು ಬಣ್ಣವನ್ನು ನಂಬಬಾರದು. ಮೀನು ನೀರನ್ನು ಏನು ಮಾಡುತ್ತಿದೆ ಅಂತ ನೋಡಬೇಕು.

ಮೊದಲು ಬಾಯಿ. ಶೆವಟೆ ಕೆಸರು ತಿನ್ನುವ ಮೀನು. ಕೆಸರಿನಲ್ಲಿರುವ ಪಾಚಿ, ಕೊಳೆತ ಎಲೆಯ ಪುಡಿ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಅದರ ಊಟ. ಅದನ್ನು ಅರೆಯಲು ಹೊಟ್ಟೆಯಲ್ಲಿ ದಪ್ಪ ಗೋಡೆಯ ಒಂದು ಗಂಟಿದೆ, ಕೋಳಿಯ ಹೊಟ್ಟೆಯಲ್ಲಿ ಕಾಳು ಅರೆಯಲು ಇರುತ್ತದಲ್ಲ, ಹಾಗೆ. ಇಳಿತದಲ್ಲಿ ಅಘನಾಶಿನಿಯ ಕೆಸರು ಬಯಲು ಬಿಸಿಲಿಗೆ ಬೀಳುತ್ತದೆ. ಭರತ ಏರುವಾಗ ನೀರು ಆ ಬಯಲಿನ ಮೇಲಿನ ತೆಳು ಪದರವನ್ನು ಎತ್ತಿಕೊಂಡು ಬರುತ್ತದೆ. ಅದು ನೊರೆಯ ಜೊತೆ ಪಟ್ಟೆಯಾಗಿ ತೇಲುತ್ತದೆ. ನೀವು ನೋಡಿದ ಪಟ್ಟೆ ಅದೇ. ಶೆವಟೆಗೆ ಅದು ಬಡಿಸಿಟ್ಟ ಎಲೆ. ತಳಕ್ಕೆ ಹೋಗಿ ಕೆದಕುವ ಕಷ್ಟವಿಲ್ಲ. ಮೂತಿ ಮೇಲೆತ್ತಿ ನೀರಿನ ಕೆನೆಯನ್ನು ಹೀರುತ್ತಾ ಹೋದರೆ ಸಾಕು. ನೀವು ನೋಡಿದ್ದು ಅವುಗಳ ಊಟ.

ನಿಮ್ಮ ಮಗನ ಹೆದರಿಕೆಯನ್ನು ಮಾತ್ರ ನಾನು ತಳ್ಳಿಹಾಕುವುದಿಲ್ಲ. ನೀರಿನಲ್ಲಿ ಉಸಿರು ಸಾಲದಿದ್ದರೆ ಮೀನುಗಳು ನಿಜವಾಗಿಯೂ ಮೇಲೆ ಬಂದು ಬಾಯಿ ಬಿಡುತ್ತವೆ. ಆಗ ಒಂದೇ ಜಾತಿ ಬರುವುದಿಲ್ಲ, ತಳದಲ್ಲಿರುವ ಮೀನೂ ಸೇರಿ ಬಗೆಬಗೆಯವು ಬರುತ್ತವೆ. ಅವುಗಳಿಗೆ ಓಡುವ ತ್ರಾಣ ಇರುವುದಿಲ್ಲ. ನೆರಳು ಬಿದ್ದರೂ ಕೈ ಹಾಕಿದರೂ ಅಲ್ಲೇ ತೇಲುತ್ತಿರುತ್ತವೆ, ಕೆಲವು ಓರೆಯಾಗಿ ವಾಲುತ್ತವೆ. ನಿಮ್ಮವು ನೆರಳು ಬಿದ್ದ ಕ್ಷಣಕ್ಕೆ ಮಾಯವಾದವಲ್ಲ, ಅವು ಗಟ್ಟಿಮುಟ್ಟಾಗಿದ್ದವು ಅಂತ ಮಗನಿಗೆ ಹೇಳಿ. ಅಜ್ಜ ಹೇಳುತ್ತಿದ್ದರು, "ಶೆವಟೆಗೆ ಕಣ್ಣು ನೆತ್ತಿ ಮೇಲೆ ಅದೆ ತಂಗಿ, ನಿನ್ನ ನೆರಳು ನಿನ್ನಕಿಂತ ಮುಂಚೆ ಹೋಗ್ತದೆ." ಬಲೆ ಹೊಡೆಯುವಾಗ ಅವರು ಯಾವಾಗಲೂ ಸೂರ್ಯನಿಗೆ ಮುಖ ಮಾಡಿ ನಿಲ್ಲುತ್ತಿದ್ದರು. ನೆರಳು ಬೆನ್ನ ಹಿಂದೆ ದಡದ ಮೇಲೆ ಬೀಳಬೇಕು. ಕಣ್ಣಿಗೆ ಹೊಳಪು ಹೊಡೆಯುತ್ತದೆ, ಆದರೂ ಹಾಗೇ.

ಇನ್ನು ತಾರ್ಲೆ ಯಾಕಲ್ಲ? ಅದು ಕಡಲಿನ ಮೀನು. ಮಳೆಗಾಲದ ಕೊನೆಗೆ ದಡಕ್ಕೆ ಬಹಳ ಹತ್ತಿರ ಬರುತ್ತದೆ ನಿಜ. ಆದರೆ ಹಿಂಡು ಅಳಿವೆಯ ಹೊರಗೇ ಜಾಸ್ತಿ. ಮೇಲಕ್ಕೆ ಬಂದಾಗಲೂ ತಾರ್ಲೆ ಮೂತಿ ಎತ್ತುವುದಿಲ್ಲ, ನೀರಿನೊಳಗೇ ಬಾಯಿ ತೆರೆದು ಸೋಸುತ್ತದೆ. ನೀರಿನ ಮೇಲೆ ತುಂತುರು ಮಳೆ ಬಿದ್ದ ಹಾಗೆ ಸಣ್ಣ ಸಣ್ಣ ಗುಳಿಗಳು ಕಾಣುತ್ತವೆ. ಹಿಂಡು ತಿರುಗಿದಾಗ ಮಗ್ಗುಲಿನ ಬೆಳ್ಳಿ ಒಟ್ಟಿಗೆ ಮಿಂಚುತ್ತದೆ. ಬಂಗಡೆಯ ಹಿಂಡು ಇನ್ನೂ ಜೋರು. ದೊಡ್ಡದಾಗಿ ಬಾಯಿ ತೆರೆದುಕೊಂಡು ಒಂದೇ ದಿಕ್ಕಿಗೆ ನುಗ್ಗುತ್ತದೆ, ಆ ಜಾಗದಲ್ಲಿ ನೀರು ಕುದಿದಂತೆ ಕಾಣುತ್ತದೆ. ಸೊಂಟದ ನೀರಿನಲ್ಲಿ ನಿಧಾನವಾಗಿ, ಮೇಯುವ ದನದ ಹಾಗೆ ಸಾಗುವುದು ಶೆವಟೆಯ ಗುಣ.

ನನಗೆ ಒಂದೇ ಒಂದು ಅನುಮಾನ ಬಂದದ್ದು ಹೂಮೀನಿನ ಬಗ್ಗೆ. ಅದೂ ಅಳಿವೆಗೆ, ಅಳಿವೆ ಬದಿಯ ಉಪ್ಪುನೀರಿನ ಗದ್ದೆಯಾದ ಗಜನಿಗೆ ಬರುತ್ತದೆ. ಅದೂ ಪಾಚಿ ತಿನ್ನುತ್ತದೆ, ಬೆನ್ನಿನ ರೆಕ್ಕೆ ನೀರಿನ ಮೇಲೆ ಕಾಣುವಷ್ಟು ಮೇಲೆ ಈಜುತ್ತದೆ. ಆದರೆ ಹೂಮೀನಿನ ಬಾಲ ಕತ್ತರಿ ಬಿಚ್ಚಿದಷ್ಟು ಆಳಕ್ಕೆ ಸೀಳಿರುತ್ತದೆ. ಬೆನ್ನಿನ ಮೇಲೆ ಒಂದೇ ರೆಕ್ಕೆ. ಶೆವಟೆಯ ಬಾಲದ ಸೀಳು ಅಷ್ಟು ಆಳವಿಲ್ಲ. ಬೆನ್ನಿನಲ್ಲಿ ಎರಡು ಪುಟ್ಟ ರೆಕ್ಕೆ, ನಡುವೆ ಒಳ್ಳೇ ಅಂತರ. ಮುಂದಿನದರಲ್ಲಿ ನಾಲ್ಕೇ ಮುಳ್ಳು. ಮೇಲಿಂದ ನೋಡಿದರೆ ಶೆವಟೆಯ ತಲೆ ಅಗಲ, ಸುತ್ತಿಗೆಯಿಂದ ತಟ್ಟಿ ಚಪ್ಪಟೆ ಮಾಡಿದ ಹಾಗೆ. ಮತ್ತೊಮ್ಮೆ ಹೋದರೆ ತಲೆ ಮತ್ತು ಬಾಲ ಎರಡನ್ನೇ ನೋಡಿ. ಹಾಂ, ಶೆವಟೆಯಲ್ಲೇ ನಮ್ಮ ಕರಾವಳಿಯಲ್ಲಿ ಹಲವು ಜಾತಿಗಳಿವೆ. ಅವುಗಳಲ್ಲಿ ಯಾವುದು ಅಂತ ಕಟ್ಟೆ ಮೇಲಿಂದ ಹೇಳಲು ಆಗುವುದಿಲ್ಲ. ಕೈಯಲ್ಲಿ ಹಿಡಿದು, ಕಣ್ಣಿನ ಮೇಲೆ ದಪ್ಪ ಪೊರೆ ಇದೆಯಾ ಅಂತ ನೋಡಬೇಕು. ಎಲ್ಲಕ್ಕಿಂತ ದೊಡ್ಡದಾಗಿ ಬೆಳೆಯುವ ಜಾತಿಯಲ್ಲಿ ಆ ಪೊರೆ ಕಣ್ಣಿನ ಬಹುಭಾಗ ಮುಚ್ಚಿರುತ್ತದೆ.

ನೀವು ಇನ್ನೂ ಅರ್ಧ ಗಂಟೆ ನಿಂತಿದ್ದರೆ ಬಹುಶಃ ಹಾರುವುದನ್ನೂ ನೋಡುತ್ತಿದ್ದಿರಿ. ಶೆವಟೆ ನೀರಿನಿಂದ ಪೂರ್ತಿ ಮೇಲಕ್ಕೆ ನೆಗೆದು, ಮಗ್ಗುಲಾಗಿ ಬೀಳುತ್ತದೆ. ಒಂದಲ್ಲ, ಎರಡು ಮೂರು ಸಲ, ಒಂದೇ ಸಾಲಿನಲ್ಲಿ. ಕುರಡೆಯೋ ಡಾಲ್ಫಿನ್ನೋ ಅಟ್ಟಿಸಿಕೊಂಡು ಬಂದರೆ ಹಾರುತ್ತದೆ. ಯಾರೂ ಅಟ್ಟದಿದ್ದರೂ ಹಾರುತ್ತದೆ. ಕೆಸರು ನೀರಿನಲ್ಲಿ ಉಸಿರು ಕಡಿಮೆಯಾದಾಗ ಗಂಟಲಿನ ಮೇಲ್ಭಾಗದ ಒಂದು ಪುಟ್ಟ ಕೋಣೆಗೆ ಗಾಳಿ ತುಂಬಿಕೊಳ್ಳಲು ಹಾಗೆ ಹಾರುತ್ತದೆ ಎನ್ನುವುದು ವಿಜ್ಞಾನಿಗಳು ಕೊಡುವ ಒಂದು ವಿವರಣೆ. ಬಲೆ ಸುತ್ತಿದಾಗ ಅದರ ಮೇಲಂಚನ್ನು ಹಾರಿ ಪಾರಾಗುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಅಜ್ಜ ಬೈಯುತ್ತಿರಲಿಲ್ಲ. ಹಾರಿದ್ದನ್ನು ಎಣಿಸುತ್ತಿದ್ದರು.

ಶೆವಟೆ ಮೊಟ್ಟೆ ಇಡುವುದು ಹೊರಗೆ ಕಡಲಿನಲ್ಲಿ. ಮರಿಗಳು ಅಳಿವೆ ಹುಡುಕಿಕೊಂಡು ಒಳಗೆ ಬರುತ್ತವೆ. ಪಾದ ಮುಳುಗುವಷ್ಟು ನೀರಿನಲ್ಲಿ, ದಡಕ್ಕೆ ತಾಗಿಕೊಂಡೇ, ಬೆರಳುದ್ದವೂ ಇಲ್ಲದ ಮರಿಗಳ ಸಾಲು ಹೋಗುತ್ತಿರುತ್ತದೆ. ಬಹಳ ಜನ ಅದನ್ನು ನೋಡಿಯೂ ನೋಡದೆ ತುಳಿದುಕೊಂಡು ಹೋಗುತ್ತಾರೆ. ಈ ಮರಿಗಳಿಗೆ ಬೇಕಾದ ಕೆಸರು, ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಉಪ್ಪೂ ಸಿಹಿಯೂ ಬೆರೆತ ನೀರು ಎಲ್ಲವೂ ಅಘನಾಶಿನಿಯಲ್ಲಿ ಇನ್ನೂ ಉಳಿದಿವೆ, ಯಾಕೆಂದರೆ ಆ ನದಿಗೆ ಅಣೆಕಟ್ಟು ಕಟ್ಟಿಲ್ಲ. ಗಜನಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ, ಕೊಯ್ಲಾದ ಮೇಲೆ ಕಟ್ಟೆಯ ಹಲಗೆ ಬಾಗಿಲು ತೆರೆದರೆ ಭರತದ ಜೊತೆ ಒಳಗೆ ಬರುವುದು ಶೆವಟೆ, ಸಿಗಡಿ. ಭತ್ತದ ಕೂಳೆ ಕೊಳೆತು ಅವುಗಳಿಗೆ ಊಟವಾಗುತ್ತದೆ. 2024ರಲ್ಲಿ ಈ ಅಳಿವೆ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದಾಗ ನನಗೆ ನಮ್ಮ ಮನೆಗೇ ಗೌರವ ಸಿಕ್ಕಷ್ಟು ಸಂತೋಷವಾಯಿತು. ನೀವು ನೋಡಿದ ಆ ನೂರಾರು ಬೂದು ಬೆನ್ನುಗಳು ಅಂಥ ನೀರಿನ ಮಕ್ಕಳು.

ಪ್ರಶ್ನೆ: ನಾನು ಕುಮಟಾ ಕಡೆಯವನು, ಹನ್ನೊಂದು ವರ್ಷದಿಂದ ಮಸ್ಕತ್‌ನಲ್ಲಿದ್ದೇನೆ. ಸಂಜೆ ಮುತ್ರಾ ಕಡಲ ದಂಡೆಯ ರಸ್ತೆಯಲ್ಲಿ ನಡೆಯುವಾಗ ಕೆಳಗಿನ ತಿಳಿನೀರಿನಲ್ಲಿ ಸಣ್ಣ ಮೀನಿನ ದೊಡ್ಡ ಹಿಂಡು ಕಾಣುತ್ತದೆ. ಒಮ್ಮೆಲೇ ತಿರುಗಿ ಬೆಳ್ಳಿಯ ಹಾಗೆ ಮಿಂಚುತ್ತದೆ. ಇದು ನಮ್ಮೂರಿನ ತಾರ್ಲೆಯೇ? ಅಥವಾ ಊರಿನ ನೆನಪಿಗೆ ನನಗೆ ಹಾಗೆ ಕಾಣುತ್ತಿದೆಯೇ?
(ಓದುಗರೊಬ್ಬರು, ಮಸ್ಕತ್)

ಉತ್ತರ: ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನೆನಪಿನ ಆಟ ಅಂತ ಅಂದುಕೊಳ್ಳಬೇಡಿ. ನಾವು ಕುಮಟೆಯ ಪೇಟೆಯಲ್ಲಿ ಕೊಳ್ಳುವ ತಾರ್ಲೆ, ಮಂಗಳೂರಿನವರ ಬೂತಾಯಿ, ಒಮಾನಿನ ಕಡಲಲ್ಲೂ ಹೇರಳವಾಗಿದೆ. ಅದೇ ಜಾತಿ. ಅರಬ್ಬಿ ಕಡಲಿನ ಆ ದಡದಲ್ಲಿ ನೀವು, ಈ ದಡದಲ್ಲಿ ನಾವು. ಒಮಾನಿನ ದಕ್ಷಿಣದ ಧೋಫಾರ್‌ನಲ್ಲಿ ಇದನ್ನು ಮರಳಿನ ಮೇಲೆ ಹರವಿ ಒಣಗಿಸಿ ಒಂಟೆಗೆ, ದನಕ್ಕೆ ಮೇವಾಗಿ ಹಾಕುತ್ತಾರೆ. ನಮ್ಮಲ್ಲಿ ತೆಂಗಿನ ಬುಡಕ್ಕೆ ಹಾಕುತ್ತಿದ್ದೆವು, ನಿಮಗೂ ನೆನಪಿರಬೇಕು.

ಆದರೆ ತಾರ್ಲೆಯ ಬಳಗದಲ್ಲಿ ಅದೇ ಗಾತ್ರದ, ಅದೇ ಬೆಳ್ಳಿಯ ಬೇರೆ ಮೀನುಗಳೂ ಇವೆ. ನಮ್ಮ ಪೇಡಿಯನ್ನೇ ನೆನಪಿಸಿಕೊಳ್ಳಿ. ಹಿಂಡು ಮಿಂಚಿದ್ದನ್ನು ನೋಡಿ ಬಳಗ ಯಾವುದು ಅಂತ ಹೇಳಬಹುದು, ಹೆಸರು ಹೇಳಲು ಆಗದು. ನಿಮಗೆ ಒಂದು ಅನುಕೂಲ ಇದೆ. ನೀವು ನಡೆಯುವ ರಸ್ತೆಯ ಪಕ್ಕದಲ್ಲೇ ಮುತ್ರಾದ ಮೀನು ಮಾರುಕಟ್ಟೆ. ಬೆಳಿಗ್ಗೆ ಹೋಗಿ ನಾಲ್ಕು ಮೀನು ತನ್ನಿ. ತಲೆ ಅಳೆಯಿರಿ. ತಾರ್ಲೆಗೆ ತಲೆ ಉದ್ದ, ಬಾಲದ ರೆಕ್ಕೆ ಬಿಟ್ಟು ಮೈಯನ್ನು ಅಳೆದರೆ ಅದರ ಮೂರನೇ ಒಂದು ಭಾಗಕ್ಕೆ ಹತ್ತಿರ ಬರುತ್ತದೆ. ಅದರ ವಿಜ್ಞಾನದ ಹೆಸರಿನಲ್ಲೂ ತಲೆ ಉದ್ದ ಎನ್ನುವ ಅರ್ಥವೇ ಇದೆ, ಲಾಂಗಿಸೆಪ್ಸ್. ಕಿವಿರಿನ ಮುಚ್ಚಳ ಎತ್ತಿ ನೋಡಿ. ಒಳಗೆ ಸೀರೆಯ ಅಂಚಿನ ಕುಚ್ಚಿನ ಹಾಗೆ ಬಹಳ ನಯವಾದ, ಒತ್ತಾದ ಎಳೆಗಳಿರುತ್ತವೆ. ಕಡಲಿನ ಸೂಕ್ಷ್ಮ ಸಸ್ಯಗಳನ್ನು ಸೋಸುವ ಜರಡಿ ಅದು. ಹೊಟ್ಟೆಯ ಅಂಚಿಗೆ ಬೆರಳನ್ನು ಬಾಲದಿಂದ ತಲೆಯ ಕಡೆಗೆ ಎಳೆದರೆ ಗರಗಸದ ಹಾಗೆ ತಾಗುತ್ತದೆ. ಅದು ಇಡೀ ಬಳಗಕ್ಕೇ ಇರುವ ಗುರುತು.

ನೀವು ಕುಮಟೆಯವರು ಅಂದ ಮೇಲೆ ರಂಪಣಿ, ಅಂದರೆ ಹಿಂಡನ್ನು ಸುತ್ತುಗಟ್ಟಿ ಜನ ಸೇರಿ ದಡಕ್ಕೆ ಎಳೆಯುವ ಆ ದೊಡ್ಡ ಬಲೆ, ನಿಮಗೆ ಗೊತ್ತಿರುತ್ತದೆ, ಕೊನೇಪಕ್ಷ ಕೇಳಿರುತ್ತೀರಿ. ನಾನು ಚಿಕ್ಕವಳಿದ್ದಾಗ ಅದರ ಕೊನೆಯ ದಿನಗಳು. 1970ರ ದಶಕದ ನಡುವೆ ಪರ್ಸೀನ್ ಬೋಟು ಬಂದ ಮೇಲೆ ಹಿಂಡು ದಡಕ್ಕೆ ಬರುವ ಮೊದಲೇ ಹೊರಗೆ ಸುತ್ತಿ ಹಿಡಿಯತೊಡಗಿದರು, ರಂಪಣಿ ಬಹುಮಟ್ಟಿಗೆ ನಿಂತುಹೋಯಿತು. ಅದಕ್ಕೂ ಮುಂಚೆ ಹಿಂಡು ಗುರುತಿಸುವುದೇ ಒಬ್ಬನ ಕೆಲಸ. ಅವನು ಎತ್ತರದಲ್ಲಿ ನಿಂತು ನೀರು ನೋಡುತ್ತಿದ್ದ. ತುಂತುರು ಇದೆಯಾ, ನೀರಿನ ಬಣ್ಣ ಗಾಢವಾಗಿದೆಯಾ, ಹಕ್ಕಿ ಎಲ್ಲಿ ಮುಗಿಬೀಳುತ್ತಿವೆ. ಅಮಾವಾಸ್ಯೆಯ ಸುಮಾರಿಗೆ ರಾತ್ರಿಯೂ ಕಾಣುತ್ತಿತ್ತು, ಹಿಂಡು ಹೋದ ದಾರಿಯಲ್ಲಿ ನೀರೇ ಮಿನುಗುತ್ತಿತ್ತು. ಆ ಬೆಳಕು ಮೀನಿನದಲ್ಲ. ನೀರಿನಲ್ಲಿರುವ ಕಣದಷ್ಟು ಸಣ್ಣ ಜೀವಿಗಳು ಅಲುಗಾಟಕ್ಕೆ ಬೆಳಗುವುದು.

ಎಂಟೋ ಒಂಬತ್ತೋ ವರ್ಷದವಳಿದ್ದಾಗ ನಾನೂ ಒಮ್ಮೆ ದಡದಿಂದ ಕಪ್ಪು ಪಟ್ಟೆ ನೋಡಿ "ಅಜ್ಜ, ತಾರ್ಲೆ!" ಅಂತ ಕೂಗಿದ್ದೆ. ಅಜ್ಜ ಬಲೆ ಎತ್ತಲಿಲ್ಲ. ಪಕ್ಕಕ್ಕೆ ಕೂರಿಸಿಕೊಂಡು "ಸ್ವಲ್ಪ ತಡಿ, ಅದು ಯಾವ ಬದಿಗೆ ಹೋಗ್ತದೆ ನೋಡು" ಎಂದರು. ಪಟ್ಟೆ ಗಾಳಿ ಹೋದ ಕಡೆಗೇ ನೆಟ್ಟಗೆ ಸರಿಯಿತು, ದಡ ಹತ್ತಿ ಬಂತು, ನಮ್ಮ ಮೇಲೂ ಹಾದುಹೋಯಿತು. ಮೋಡದ ನೆರಳು. ಮೀನಿನ ಹಿಂಡು ಗಾಳಿಗೆ ಕಟ್ಟುಬಿದ್ದು ಹೋಗುವುದಿಲ್ಲ. ನಿಲ್ಲುತ್ತದೆ, ತಿರುಗುತ್ತದೆ, ಒಡೆದು ಮತ್ತೆ ಕೂಡುತ್ತದೆ. ಇಂದಿಗೂ ಕಪ್ಪು ಪಟ್ಟೆ ಕಂಡರೆ ನಾನು ಮೊದಲು ಆಕಾಶ ನೋಡುತ್ತೇನೆ.

ತಾರ್ಲೆ ಎಂದು ಖಾತ್ರಿಯಾದರೆ ಅಲ್ಲೇ ಸಾರು ಮಾಡಿ. ಮುಂದಿನ ಸಲ ಊರಿಂದ ಯಾರಾದರೂ ಬಂದರೆ ಮೀನುಸಾರಿಗೆ ಹಾಕುವ ಮಸಾಲೆ ಕಾಯಿ ಜುಮ್ಮನಕಾಯಿಯನ್ನು ಒಂದು ಹಿಡಿ ತರಿಸಿಕೊಳ್ಳಿ. ಅದಿಲ್ಲದ ತಾರ್ಲೆ ಸಾರು ನಮ್ಮ ನಾಲಿಗೆಗೆ ಅರ್ಧವೇ.

ಪ್ರಶ್ನೆ: ಮುರ್ಡೇಶ್ವರದ ಹತ್ತಿರ ಬಂಡೆಗಳ ನಡುವಿನ ಮೊಣಕಾಲುದ್ದದ ನೀರಿನಲ್ಲಿ ಫುಟ್‌ಬಾಲಿನಷ್ಟು ದೊಡ್ಡ ಕಪ್ಪು ಉಂಡೆಯೊಂದು ಉರುಳುತ್ತಾ ಹೋಗುತ್ತಿತ್ತು. ಬಗ್ಗಿ ನೋಡಿದರೆ ಅದೆಲ್ಲ ಬೆರಳುದ್ದದ ಮೀನುಗಳು! ಮೈಮೇಲೆ ಉದ್ದಕ್ಕೆ ಬಿಳಿ ಗೆರೆ. ಮಗಳು ಬಾಟಲಿಯಲ್ಲಿ ಹಿಡಿಯೋಣ ಅಂತ ಹಟ ಮಾಡಿದಳು. ನಾನು ಬೇಡ ಎಂದೆ. ಸರಿ ಮಾಡಿದೆನಾ?
(ಓದುಗರೊಬ್ಬರು, ಶಿರಸಿ)

ಉತ್ತರ: ಬಹಳ ಸರಿ ಮಾಡಿದಿರಿ. ಅದು ಕಡಲಿನ ಒಂದು ಮೀಸೆಮೀನಿನ ಮರಿಗಳ ಹಿಂಡು. ಬಾಯಿಯ ಸುತ್ತ ನಾಲ್ಕು ಜೊತೆ ಮೀಸೆ, ಹಾವುಮೀನಿನ ಹಾಗೆ ಚೂಪಾಗುತ್ತಾ ಹೋಗುವ ಬಾಲ. ಮರಿಗಳು ಮೈಗೆ ಮೈ ತಾಗಿಸಿಕೊಂಡು ಹೀಗೆ ಉಂಡೆ ಕಟ್ಟುತ್ತವೆ. ಮುಂದಿನವು ತಳದ ಮರಳು ಕೆದಕಿ ತಿನ್ನುತ್ತಿದ್ದಂತೆ ಹಿಂದಿನವು ಮೇಲಿಂದ ಹಾದು ಮುಂದೆ ಬರುತ್ತವೆ, ಅದಕ್ಕೇ ಉರುಳಿದಂತೆ ಕಾಣುವುದು. ದೊಡ್ಡವಾದ ಮೇಲೆ ಈ ಒಟ್ಟು ಮುರಿದು ಬಂಡೆಯ ಸಂದಿಗಳಲ್ಲಿ ಅಡಗಿ ಬದುಕುತ್ತವೆ.

ಅದರ ಬೆನ್ನಿನ ರೆಕ್ಕೆಯ ಮುಂದೆ ಒಂದು, ಎರಡು ಪಕ್ಕದ ರೆಕ್ಕೆಗಳಲ್ಲಿ ಒಂದೊಂದು, ಹೀಗೆ ಮೂರು ಗರಗಸದಂಥ ಮುಳ್ಳುಗಳಿವೆ. ಮೂರರಲ್ಲೂ ವಿಷ. ಮರಿಯದ್ದೂ ಚುಚ್ಚುತ್ತದೆ. ನೋವು ಬಹಳ ಕೆಟ್ಟದ್ದು, ತೋಳಿನವರೆಗೆ ಏರುತ್ತದೆ. ನಮ್ಮ ಕಡೆ ಬಲೆ ಬಿಡಿಸುವವರು ಇಂಥ ಮೀನು ಸಿಕ್ಕರೆ ಕೈಯಿಂದ ಮುಟ್ಟುವುದೇ ಇಲ್ಲ, ಕೋಲಿನಿಂದ ತಳ್ಳುತ್ತಾರೆ.

ಬಂಡೆಯ ಹತ್ತಿರ ಆಡುವ ಮಕ್ಕಳಿರುವ ಮನೆಯವರು ಇದೊಂದನ್ನು ನೆನಪಿಡಿ. ಚುಚ್ಚಿದರೆ ಆ ಜಾಗವನ್ನು ತಡೆದುಕೊಳ್ಳುವಷ್ಟು ಬಿಸಿನೀರಿನಲ್ಲಿ ಮುಳುಗಿಸಿಡಬೇಕು. ಚುಚ್ಚಿಸಿಕೊಂಡವರಿಗೆ ನೋವಿನಲ್ಲಿ ಬಿಸಿ ಗೊತ್ತಾಗುವುದಿಲ್ಲ. ಅದಕ್ಕೇ ಬೇರೆಯವರು ಮೊದಲು ತಮ್ಮ ಕೈ ಅದ್ದಿ ನೋಡಬೇಕು, ಇಲ್ಲದಿದ್ದರೆ ಸುಟ್ಟ ಗಾಯವೂ ಸೇರಿಕೊಳ್ಳುತ್ತದೆ. ಮುಳ್ಳಿನ ಚೂರು ಒಳಗೆ ಉಳಿದಿರಬಹುದು, ಹಾಗಾಗಿ ನೋವು ಇಳಿದರೂ ಡಾಕ್ಟರಿಗೆ ತೋರಿಸಲೇಬೇಕು.

ನಿಮ್ಮ ಮಗಳಿಗೆ ಹಿಂಡು ನೋಡುವ ಆಸೆ ಇದ್ದರೆ ಅದೇ ಬಂಡೆಗಳ ಹತ್ತಿರ ಇನ್ನೊಂದು ಮೀನಿದೆ. ಅಂಗೈಯಷ್ಟು ಅಗಲ, ಹಳದಿ ಬೆನ್ನು, ಮೈಗೆ ಅಡ್ಡಲಾಗಿ ಐದು ಕಪ್ಪು ಪಟ್ಟೆ. ನೀರು ತಿಳಿಯಾಗಿರುವ ದಿನ ಮೇಲುನೀರಿನಲ್ಲೇ ಗುಂಪುಗುಂಪಾಗಿ ಆಡುತ್ತಿರುತ್ತದೆ, ಮೇಲಿಂದಲೂ ಬಣ್ಣ ಕಾಣುವ ಅಪರೂಪದ ಮೀನು ಅದು. ನೇತ್ರಾಣಿ ದ್ವೀಪಕ್ಕೆ ಹೋಗುವವರಿಗೆ ದೋಣಿ ನಿಂತ ಕೂಡಲೇ ಕಾಣುವುದೂ ಅದೇ. ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ, ಇಳಿತದ ಹೊತ್ತಿಗೆ, ಅಲೆ ಇಲ್ಲದ ಬೆಳಿಗ್ಗೆ ಕರೆದುಕೊಂಡು ಹೋಗಿ. ಪಟ್ಟೆ ಎಣಿಸಿ ನನಗೆ ಬರೆಯಲು ಹೇಳಿ.